ದೀಪಕ್ಕೆ ಗೊತ್ತಾಗಬಾರದು

ಗಿಳಿಯಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಭದ್ರವಾಗಿ ಕೂತಿತ್ತು, ಅದನ್ನು ಹಿಡಿದು ಕರೆಯುವವರು ಮಾತ್ರ ಯಾರೂ ಇರಲಿಲ್ಲ. ವಿದ್ಯುತ್ ಸ್ಥಾವರದ ಕಂಟ್ರೋಲ್ ರೂಮಿನಲ್ಲಿ ಒಂದು ನಿಯಮವಿದೆ. ಫೋನಿನಲ್ಲಿ ಬಂದ ಆದೇಶವನ್ನು ಕೇಳಿಸಿಕೊಂಡವನು ಅದನ್ನು ಅಕ್ಷರ ಬಿಡದೆ ತಿರುಗಿ ಹೇಳಬೇಕು, ಆಮೇಲೆ ಕೈ ಹಾಕಬೇಕು. ಉಳಿದವರು ಈ ನಿಯಮವನ್ನು ಪಾಳಿ ಮುಗಿದ ಮೇಲೆ ಗೇಟಿನ ಹತ್ತಿರವೇ ಬಿಟ್ಟುಹೋಗುತ್ತಿದ್ದರು. ಗಿಳಿಯಪ್ಪ ಅದನ್ನು ಊಟದ ಡಬ್ಬಿಯ ಜೊತೆಗೆ ಮನೆಗೂ ತರುತ್ತಿದ್ದ. ಹೆಂಡತಿ "ಬರ್ತಾ ಅರ್ಧ ಕಿಲೋ ಈರುಳ್ಳಿ, ಒಂದು ಸೋಪು ತನ್ನಿ" ಎಂದರೆ "ಅರ್ಧ ಕಿಲೋ ಈರುಳ್ಳಿ, ಒಂದು ಸೋಪು. ಸರಿ" ಎನ್ನುತ್ತಿದ್ದ. ಡಾಕ್ಟರು ಮಾತ್ರೆ ಕೊಟ್ಟರೂ ಅಷ್ಟೆ. ಹೀಗಾಗಿ ಕ್ವಾರ್ಟರ್ಸಿನ ಮಂದಿ ಅವನನ್ನು ಗಿಳಿ ಎಂದರು, ವಯಸ್ಸಾದ ಮೇಲೆ ಮರ್ಯಾದೆಗೆಂದು ಒಂದು ಅಪ್ಪ ಸೇರಿಸಿದರು.

ಅವನು ನೋಡಿಕೊಳ್ಳುತ್ತಿದ್ದ ಯಂತ್ರಕ್ಕೂ ಅಡ್ಡಹೆಸರು ತಪ್ಪಿರಲಿಲ್ಲ. ಕಲ್ಲಿದ್ದಲು ಸುಟ್ಟು, ನೀರು ಕುದಿಸಿ, ಆ ಹಬೆಯ ರಭಸಕ್ಕೆ ತಿರುಗುವ ಒಂದನೇ ಯೂನಿಟ್ ಅದು. ಎಲ್ಲರೂ ಕರೆಯುತ್ತಿದ್ದದ್ದು ಅಜ್ಜಿ ಎಂದು. ಗಿಳಿಯಪ್ಪ ಕೆಲಸಕ್ಕೆ ಸೇರಿದಾಗ ಅದಕ್ಕೆ ಬಳಿದ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ, ಆಗಲೇ ಅಜ್ಜಿ. ಹೆಸರಿಟ್ಟ ಪುಣ್ಯಾತ್ಮ ಯಾರೋ ಗೊತ್ತಿಲ್ಲ, ಇಟ್ಟದ್ದಂತೂ ಸರಿಯಾಗಿಯೇ ಇತ್ತು. ಅವಳನ್ನು ಎಬ್ಬಿಸಲು ಅರ್ಧ ದಿನ ಬೇಕು, ಎದ್ದ ಮೇಲೆ ಕೂರಿಸುವುದು ಕಷ್ಟ, ಮತ್ತು ಮನೆಮಂದಿಯೆಲ್ಲ ಅವಳ ದುಡಿಮೆಯ ಮೇಲೆಯೇ ನಿಂತಿದ್ದರು.

ಗಿಳಿಯಪ್ಪನಿಗೆ ಕೆಲಸ ಕಲಿಸಿದವನು ಒಬ್ಬ ಹಳೆಯ ಫೋರ್‌ಮನ್. ಬಾಯಿ ಬಿಟ್ಟರೆ ಬೈಗುಳ, ಬೈಗುಳದ ನಡುವೆ ಎಲ್ಲೋ ಒಂದು ಪಾಠ. ಅವನು ಹೇಳುತ್ತಿದ್ದ: "ಮೆಷಿನ್ ಎಬ್ಬಿಸೋದು ಯಾವನು ಬೇಕಾದ್ರೂ ಮಾಡ್ತಾನೆ ಕಣೋ. ನಿಲ್ಲಿಸೋದು ನೋಡಿ ಆಳು ಎಂಥೋನು ಅಂತ ಹೇಳ್ತೀನಿ. ದೀಪಕ್ಕೆ ಗೊತ್ತಾಗಬಾರದು."

ವರ್ಷಕ್ಕೊಮ್ಮೆ ರಿಪೇರಿಗೆಂದು ಅಜ್ಜಿಯನ್ನು ನಿಲ್ಲಿಸಬೇಕಾಗುತ್ತಿತ್ತು. ಆಗ ಅವಳ ಮೇಲಿನ ಹೊರೆಯನ್ನು, ಅಂದರೆ ಲೋಡನ್ನು, ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಇವಳು ಇಳಿಸಿದಷ್ಟನ್ನು ಬೇರೆ ಊರಿನ ಯಂತ್ರಗಳು ಹೊತ್ತುಕೊಳ್ಳುತ್ತವೆ. ಕೊನೆಗೆ ಹೊರೆಯೇ ಇಲ್ಲದಾಗ, ಯಂತ್ರವನ್ನು ಲೈನಿಗೆ ಜೋಡಿಸಿರುವ ಬ್ರೇಕರ್ ತೆಗೆದರೆ ಊರಿನ ಒಂದು ಬಲ್ಬೂ ಮಿಣುಕುವುದಿಲ್ಲ. ಅವಸರ ಮಾಡಿದರೆ, ಅಥವಾ ಪೂರ್ತಿ ಹೊರೆ ಹೊತ್ತಿರುವಾಗಲೇ ಯಂತ್ರ ದಡಕ್ಕನೆ ನಿಂತರೆ, ಊರಿನ ದೀಪವೆಲ್ಲ ಒಮ್ಮೆ ಕುಗ್ಗಿ ಏಳುತ್ತದೆ. ಹಾಗೆ ನಿಲ್ಲುವುದಕ್ಕೆ ಟ್ರಿಪ್ ಎನ್ನುತ್ತಾರೆ. ಫೋರ್‌ಮನ್ನನ ಲೆಕ್ಕದಲ್ಲಿ ಅದರಷ್ಟು ಮಾನಗೇಡಿ ಕೆಲಸ ಇನ್ನೊಂದಿರಲಿಲ್ಲ.

ಇದಕ್ಕೆ ತೀರ್ಪುಗಾರರು ಕಂಟ್ರೋಲ್ ರೂಮಿನಲ್ಲಿರಲಿಲ್ಲ, ಅಡುಗೆಮನೆಯಲ್ಲಿದ್ದರು. ಗಂಡ ಯಂತ್ರ ನಿಲ್ಲಿಸುವ ದಿನ ಹೆಂಡತಿ ಅಡುಗೆಮನೆಯ ಬಲ್ಬು ಹಾಕಿಕೊಂಡು, ಅದರ ಕೆಳಗೆ ಕಣ್ಣಲ್ಲಿ ಕಣ್ಣಿಟ್ಟು ಕೂರುವುದು ಕ್ವಾರ್ಟರ್ಸಿನಲ್ಲಿ ಬಂದ ರೂಢಿ. ಮೊದಲು ಫೋರ್‌ಮನ್ನನ ಹೆಂಡತಿ ಕೂತಳು, ಅವಳನ್ನು ನೋಡಿ ಉಳಿದವರೂ ಕೂತರು. ಬಲ್ಬು ಮಿಣುಕಿದರೆ ಮಾರನೆಯ ದಿನ ನಲ್ಲಿಯ ಹತ್ತಿರ ಆ ಹೆಂಗಸಿಗೆ ತಲೆ ಎತ್ತಲಾಗುತ್ತಿರಲಿಲ್ಲ. "ಏನೇ, ನಿಮ್ಮ ಯಜಮಾನ್ರು ನಿನ್ನೆ ಊರಿಗೆಲ್ಲಾ ಕಣ್ಣು ಹೊಡೆದ್ರಂತೆ?" ಎಂದು ಯಾರಾದರೂ ಕೊಡ ತುಂಬುತ್ತಲೇ ಕಾಲೆಳೆಯುತ್ತಿದ್ದರು.

ಗಿಳಿಯಪ್ಪನ ಮನೆಯಲ್ಲಿ ತೀರ್ಪುಗಾರರು ಇಬ್ಬರು. ಮಗಳಿಗೆ ಓದು ಬರೆಹ ಬರುವ ಮೊದಲೇ ಅಮ್ಮನ ತೊಡೆಗೆ ಒರಗಿ ಬಲ್ಬು ನೋಡುವುದು ಬಂದಿತ್ತು. ಅಪ್ಪ ಮನೆಗೆ ಬರುವ ಹೊತ್ತಿಗೆ ಅವಳು ಬಾಗಿಲಲ್ಲಿ ನಿಂತಿರುತ್ತಿದ್ದಳು, ಬಾಯಿಗೆ ಬೀಗ. ಬಲ್ಬು ಮಿಣುಕಿದ್ದರೆ ಕಣ್ಣನ್ನು ಪಟಪಟನೆ ಮಿಟುಕಿಸಿ ಒಳಗೆ ಓಡುತ್ತಿದ್ದಳು. ಮಿಣುಕಿರದಿದ್ದರೆ ಎರಡೂ ಕಣ್ಣನ್ನು ಅಗಲಕ್ಕೆ ತೆರೆದು, ರೆಪ್ಪೆ ಬಡಿಯದೆ, ಅಪ್ಪನನ್ನೇ ನೋಡುತ್ತಾ ನಿಲ್ಲುತ್ತಿದ್ದಳು. ಅವನು ಬೇಕೆಂದೇ ತಡಮಾಡುತ್ತಿದ್ದ. ಚಪ್ಪಲಿ ಬಿಡುತ್ತಿದ್ದ, ಡಬ್ಬಿ ಕೆಳಗಿಡುತ್ತಿದ್ದ, ಅಂಗಿಯ ಗುಂಡಿ ಬಿಚ್ಚುತ್ತಿದ್ದ. ಅವಳ ಕಣ್ಣಲ್ಲಿ ನೀರು ತುಂಬಿ ತುಳುಕುವ ಹಾಗಾದಾಗ "ಸಾಕು ಪುಟ್ಟಿ, ರೆಪ್ಪೆ ಬಡಿ" ಎನ್ನುತ್ತಿದ್ದ. ಆಗ ಅವಳು ರೆಪ್ಪೆ ಬಡಿದು, ಕೆನ್ನೆ ಒರೆಸಿಕೊಂಡು, ಗೆದ್ದವಳಂತೆ ನಗುತ್ತಿದ್ದಳು. ಮೇಲಧಿಕಾರಿಗಳು ಆಮೇಲೆ ಹಲವು ಸಲ ಅವನ ಬೆನ್ನು ತಟ್ಟಿದ್ದುಂಟು, ಆದರೆ ಆ ಎರಡು ಕಣ್ಣು ಕೊಟ್ಟ ಸಂತೋಷವನ್ನು ಯಾವನೂ ಕೊಡಲಿಲ್ಲ.

ಒಮ್ಮೆ ಮಗಳನ್ನು ಟರ್ಬೈನ್ ಹಾಲಿಗೆ ಕರೆದೊಯ್ದಿದ್ದ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರದ ಮೈಗೆ ಒತ್ತಿ, ಹಿಡಿಯನ್ನು ಅವಳ ಕಿವಿಗೆ ಇಟ್ಟ. ಒಳಗಿನ ಸದ್ದು ಕೇಳುವುದಕ್ಕೆ ಅವರೆಲ್ಲ ಮಾಡುತ್ತಿದ್ದದ್ದು ಹಾಗೆಯೇ.

"ಏನು ಕೇಳಿಸ್ತಿದೆ?"

"ಅಜ್ಜಿ ಗೊರಕೆ ಹೊಡೀತಿದಾಳೆ!"

"ಗೊರಕೆ ಅಲ್ಲ ಕಣೇ, ಅವಳು ಕೆಲಸ ಮಾಡ್ತಿರೋದು ಹಾಗೆ. ನಿನ್ನ ಸ್ಕೂಲಿನ ಫ್ಯಾನ್ ತಿರುಗಿಸ್ತಿದಾಳೆ."

ಅವಳು ಅಂದಿನಿಂದ ಸ್ಕೂಲಿನಲ್ಲಿ ಫ್ಯಾನಿನ ಕೆಳಗೆ ಕೂತು ನಮ್ಮಜ್ಜಿ ನಮ್ಮಜ್ಜಿ ಎಂದು ಜಂಬ ಕೊಚ್ಚಿಕೊಂಡಳಂತೆ. ಟೀಚರು ಮನೆಗೆ ಹೇಳಿಕಳಿಸಿದ್ದರು.

ಆ ಕಾಲದಲ್ಲಿ ಅಜ್ಜಿ ಒಂದೇ ನಡಿಗೆಯಲ್ಲಿ ತಿಂಗಳುಗಟ್ಟಲೆ ನಡೆಯುತ್ತಿದ್ದಳು. ಊರಾಚೆಯ ಬಂಜರಿನಲ್ಲಿ ನೀಲಿ ಸೋಲಾರ್ ಹಲಗೆಗಳ ಮೊದಲ ಸಾಲು ಎದ್ದಾಗ ಕಂಟ್ರೋಲ್ ರೂಮಿನಲ್ಲಿ ಎಲ್ಲರೂ ಮೂಗು ಮುರಿದರು. "ಒಂದು ಮೋಡ ಬಂದ್ರೆ ಮುಗೀತಲ್ಲ!" ಎಂದು ಮೇಜು ತಟ್ಟಿ ನಕ್ಕವರಲ್ಲಿ ಗಿಳಿಯಪ್ಪನೂ ಒಬ್ಬ. ಸಾಲುಗಳು ಹೆಚ್ಚಿದವು. ಗುಡ್ಡದ ಮೇಲೆ ಗಾಳಿಯ ರೆಕ್ಕೆಗಳು ಬಂದವು. ಆಮೇಲೆ ಮನೆಮನೆಯ ಚಾವಣಿಯ ಮೇಲೂ ಹಲಗೆ ಬಂದವು. ನಗು ತಾನಾಗಿಯೇ ನಿಂತಿತು.

ಹೊತ್ತುಹೊತ್ತಿಗೆ ಯಾವ ಸ್ಥಾವರ ಎಷ್ಟು ವಿದ್ಯುತ್ ಕೊಡಬೇಕೆಂದು ಹೇಳುವ ಲೋಡ್ ಡಿಸ್ಪ್ಯಾಚ್ ಕೇಂದ್ರ ಪಟ್ಟಣದಲ್ಲಿದೆ. ಬಸ್ಸಿನಲ್ಲಿ ಹೋದರೆ ಅಷ್ಟೇನೂ ದೂರವಲ್ಲ. ಎಂಜಿನಿಯರಿಂಗ್ ಓದಿದ ಮಗಳಿಗೆ ಕೆಲಸ ಸಿಕ್ಕಿದ್ದು ಅಲ್ಲಿಯೇ. ಅಪ್ಪ ಸಿಹಿ ಹಂಚಿದ. ತನ್ನ ಮಗಳೇ ಒಂದು ದಿನ ತನ್ನ ಯಂತ್ರವನ್ನು ಇಳಿಸು ಎನ್ನುತ್ತಾಳೆ ಎಂದು ಅವನಿಗೆ ಹೇಗೆ ಗೊತ್ತಿರಬೇಕು?

ಬಿಸಿಲು ನೆತ್ತಿಗೇರುತ್ತಿದ್ದಂತೆ ಫೋನು ರಿಂಗಾಗುತ್ತಿತ್ತು. ಆ ಲೈನಿನಲ್ಲಿ ಆಡಿದ್ದೆಲ್ಲ ರೆಕಾರ್ಡ್ ಆಗುತ್ತದೆ, ಆದ್ದರಿಂದ ಅಪ್ಪ ಇಲ್ಲ, ಪುಟ್ಟಿ ಇಲ್ಲ.

"ನಮಸ್ಕಾರ ಸರ್. ಸೋಲಾರ್ ಜಾಸ್ತಿ ಬರ್ತಿದೆ. ಯೂನಿಟ್ ಒಂದು, ಲೋಡ್ ಅರ್ಧಕ್ಕೆ ಇಳಿಸಿ."

"ಯೂನಿಟ್ ಒಂದು, ಲೋಡ್ ಅರ್ಧಕ್ಕೆ. ಸರಿ ಮೇಡಂ."

ಸೂರ್ಯ ಇಳಿದ ಕೂಡಲೇ ಮತ್ತೆ ಫೋನು. ಈಗ ಊರಿಗೆಲ್ಲ ಒಟ್ಟಿಗೆ ದೀಪ ಬೇಕು, ಬಿಸಿಲಿನ ಕರೆಂಟು ಮನೆಗೆ ಹೋಗಿದೆ, ಬೇಗ ಏರಿಸಿ ಸರ್, ಬೇಗ. ಮುಪ್ಪಿನಲ್ಲಿ ಅಜ್ಜಿಗೆ ದಿನಾ ಬಸ್ಕಿ ಹೊಡೆಸಿದ ಹಾಗಾಯಿತು. ಒಮ್ಮೆ ಕಾಯುವುದು, ಒಮ್ಮೆ ಆರುವುದು. ಲೋಹ ತಾನೇ ಎಷ್ಟು ದಿನ ತಡೆದೀತು? ಬಾಯ್ಲರಿನ ಕೊಳವೆಗಳು ಇವತ್ತು ಇಲ್ಲಿ, ನಾಳೆ ಅಲ್ಲಿ ಸೀಳಿದವು. ಬಾಯ್ಲರ್ ನೋಡಿಕೊಳ್ಳುವ ಬೆಂಕಿಯಣ್ಣ, ಅದೂ ಅಡ್ಡಹೆಸರೇ, ಒಂದು ದಿನ ತಡೆಯಲಾರದೆ ಕೇಳಿದ: "ಗಿಳಿಯಪ್ಪ, ನಿನ್ನ ಮಗಳಿಗೆ ಸ್ವಲ್ಪ ಹೇಳೋ. ಅಜ್ಜೀನ ಹೀಗೆ ಕುಣಿಸಿದ್ರೆ ಉಳೀತಾಳಾ?"

ಗಿಳಿಯಪ್ಪ ಹೇಳಿದ್ದೂ ಉಂಟು. ರಜೆಗೆ ಮನೆಗೆ ಬಂದ ಮಗಳ ಮುಂದೆ, ಊಟದ ತಟ್ಟೆಯ ಮೇಲೆಯೇ ಜಗಳ ತೆಗೆದ.

"ನಾನೇನು ಬೇಕಂತ ಇಳಿಸ್ತೀನಾ ಅಪ್ಪಾ?" ಎಂದಳು ಅವಳು. "ಮಧ್ಯಾಹ್ನ ಬಿಸಿಲಿನ ಕರೆಂಟು ಸುರೀತಾನೇ ಇರುತ್ತೆ. ಎಲ್ಲಿಡ್ಲಿ ಅದನ್ನ, ನನ್ನ ತಲೆ ಮೇಲಾ?"

"ಬಿಸಿಲಿಗೆ ಭಾರ ಇಲ್ಲ ಕಣೇ. ಅಜ್ಜಿಯಂಥ ಭಾರದ ಮೆಷಿನ್ ತಿರುಗ್ತಾ ಇದ್ರೆ, ಎಲ್ಲೋ ಒಂದು ಪೆಟ್ಟು ಬಿದ್ರೂ ಆ ಓಟದಲ್ಲೇ ತಡ್ಕೊಳ್ತಾಳೆ. ನಿನ್ನ ನೀಲಿ ಹಲಗೆ ತಡ್ಕೊಳ್ಳುತ್ತಾ?"

"ಅದೇ ನಮಗೂ ಭಯ. ಈಗ ಮಧ್ಯಾಹ್ನದ ಹೊತ್ತು ದೊಡ್ಡ ಯೂನಿಟ್ ಟ್ರಿಪ್ ಆದ್ರೆ ಮೀಟರಿನ ಮುಳ್ಳು ದಬಕ್ಕಂತ ಬೀಳುತ್ತೆ. ಮೊದಲಿನ ಹಾಗೆ ಹಿಡಿಯೋರು ಇಲ್ಲ. ಬ್ಯಾಟರಿ ಹಾಕ್ತಿದಾರೆ, ಸಾಲಲ್ಲ. ಆ ಕುರ್ಚಿ ಮೇಲೆ ಕೂತಷ್ಟು ಹೊತ್ತೂ ನನ್ನ ಜೀವ ಕೈಯಲ್ಲಿರುತ್ತೆ ಅಪ್ಪಾ."

ಹೆಂಡತಿ ಇಬ್ಬರಿಗೂ ಬಡಿಸುತ್ತಾ ತನ್ನ ಮಾತು ಸೇರಿಸಿದಳು. "ನಿಮ್ಮದು ಏನಾದ್ರೂ ಮಾಡ್ಕೊಳ್ಳಿ. ಒಣಗಿದ ಬಟ್ಟೆ ಮೇಲೆ ಬೂದಿ ಬೀಳೋದು ಕಮ್ಮಿ ಆಗಿದೆ. ನನಗೆ ಅಷ್ಟು ಸಾಕು."

ಗಿಳಿಯಪ್ಪನ ಬಿಳಿ ಅಂಗಿಗಳೂ ಆ ವರ್ಷವೇ ಮೊದಲ ಸಲ ಬಿಳಿಯಾಗಿ ಉಳಿದಿದ್ದವು.

ಕೊನೆಗೆ ಆದೇಶ ಬಂತು. ಅಜ್ಜಿಯನ್ನು ಪೂರ್ತಿಯಾಗಿ ನಿಲ್ಲಿಸುವುದು. ಬಂಜರಿನಲ್ಲಿ ಬ್ಯಾಟರಿಯ ಪೆಟ್ಟಿಗೆಗಳು ಬಂದು ಕೂತಿದ್ದವು, ಸಂಜೆಯ ಹೊರೆಯನ್ನು ಇನ್ನು ಅವು ಹೊರುತ್ತವೆ. ಗಿಳಿಯಪ್ಪನ ನಿವೃತ್ತಿಯೂ ಅದೇ ತಿಂಗಳು, ಆದ್ದರಿಂದ ಕೊನೆಯ ಸಲ ನಿಲ್ಲಿಸುವ ಕೈ ಅವನದೇ ಆಗಲಿ ಎಂದರು. ಅದೂ ಮರ್ಯಾದೆಯೇ. ಕೊನೆಯ ದಿನವಲ್ಲವೇ, ಮಧ್ಯಾಹ್ನದವರೆಗೆ ಅಜ್ಜಿ ಪೂರ್ತಿ ಲೋಡಿನಲ್ಲಿ ಓಡಲಿ ಎಂದು ಕೇಂದ್ರದವರೂ ಒಪ್ಪಿದ್ದರು. ಇಷ್ಟೆಲ್ಲ ಒಳ್ಳೆಯ ಮಾತಾದ ಮೇಲೆ ಸೂಪರಿಂಟೆಂಡೆಂಟ್ ಚಹಾ ಕುಡಿಯುತ್ತಾ ಒಂದು ಮಾತು ಆಡಿದರು.

"ಮಧ್ಯಾಹ್ನಕ್ಕೆ ಇಟ್ಕೊಂಡಿದೀವಿ. ಬಿಸಿಲು ಜೋರಾಗಿರುತ್ತೆ. ಅದು ನಿಂತಿದ್ದು ಯಾರಿಗೂ ಗೊತ್ತೇ ಆಗಲ್ಲ, ಬಿಡಿ."

ಅವರು ಕೆಟ್ಟದ್ದೇನನ್ನೂ ಹೇಳಿರಲಿಲ್ಲ. ಫೋರ್‌ಮನ್ ಜೀವಮಾನವೆಲ್ಲ ಹೇಳಿದ್ದೂ ಅದನ್ನೇ. ಆದರೂ ಗಿಳಿಯಪ್ಪ ತನ್ನ ಚಹಾವನ್ನು ಅರ್ಧಕ್ಕೇ ಬಿಟ್ಟು ಎದ್ದ. ನಾಲ್ಕು ದಿನ ರಿಪೇರಿಗೆ ಹೋಗುವವಳನ್ನು ಸದ್ದಿಲ್ಲದೆ ಕಳಿಸುವುದು ಬೇರೆ, ಮತ್ತೆ ಬಾರದವಳನ್ನು ಹಿಂಬಾಗಿಲಿನಿಂದ ದಾಟಿಸುವುದು ಬೇರೆ. ಊರಿನ ಒಂದು ತಲೆಮಾರು ಅವಳ ಬೆಳಕಿನಲ್ಲಿ ಓದಿದೆ, ಉಂಡಿದೆ, ಜಗಳವಾಡಿದೆ. ಒಬ್ಬನಾದರೂ ತಲೆ ಎತ್ತಿ ಏನಾಯ್ತು ಎಂದು ಕೇಳುವುದು ಬೇಡವೇ?

ಅವನ ಮೇಜಿನ ಮೇಲೆ ಗಾಜಿನ ಮುಚ್ಚಳದ ಕೆಳಗೆ ಒಂದು ಕೆಂಪು ಗುಂಡಿಯಿತ್ತು. ಅಪಾಯದ ಹೊತ್ತಿಗೆಂದು ಇಟ್ಟದ್ದು. ಪೂರ್ತಿ ಲೋಡಿನಲ್ಲಿ ಅದನ್ನು ಒತ್ತಿದರೆ ಅಜ್ಜಿ ಟ್ರಿಪ್ ಆಗುತ್ತಾಳೆ. ಊರಿನ ದೀಪವೆಲ್ಲ ಒಮ್ಮೆ ಕುಗ್ಗಿ ಏಳುತ್ತದೆ. ಒಂದೇ ಒಂದು ಸಲ, ಕಣ್ಣು ಮಿಟುಕಿಸುವಷ್ಟು ಹೊತ್ತು. ನಿವೃತ್ತನಾಗಿ ಹೋಗುವವನನ್ನು, ಗುಜರಿಗೆ ಹೋಗುವ ಯಂತ್ರಕ್ಕಾಗಿ, ಯಾರು ಏನು ಮಾಡಿಯಾರು? ಈ ಯೋಚನೆ ಒಮ್ಮೆ ಬಂದದ್ದು ಆಮೇಲೆ ಅವನನ್ನು ಬಿಡಲಿಲ್ಲ.

ನಿಲ್ಲಿಸುವ ದಿನ ಬೆಳಗ್ಗೆ ಹೆಂಡತಿ ಸ್ಟೂಲಿನ ಮೇಲೆ ಹತ್ತಿ ಅಡುಗೆಮನೆಯ ಎಲ್ಇಡಿ ಬಲ್ಬು ಬಿಚ್ಚುತ್ತಿದ್ದಳು. ಸೆರಗಿನಲ್ಲಿ ಒಂದು ಹಳೆಯ ಬಲ್ಬು, ಒಳಗೆ ತಂತಿ ಇರುವಂಥದ್ದು.

"ಅದೆಲ್ಲಿತ್ತೇ?"

"ಇಟ್ಟಿದ್ದೆ. ಈ ಹೊಸವು ಕರೆಂಟು ಕುಗ್ಗಿದ್ರೂ ಮಿಣುಕಲ್ಲ, ಗುಟ್ಟು ಬಿಡಲ್ಲ ರೀ. ಕೊನೇ ಸಲ ಅಲ್ವಾ, ಕೂತು ನೋಡ್ತೀನಿ."

ಗಿಳಿಯಪ್ಪ ಶೂ ಲೇಸು ಕಟ್ಟಿಕೊಳ್ಳುತ್ತಾ, ತಲೆ ಎತ್ತದೆ ಹೇಳಿದ: "ನೋಡ್ತಿರು. ಈ ಸಲ ಮಿಣುಕುತ್ತೆ."

ಅವಳ ಕೈ ಬಲ್ಬಿನ ಮೇಲೆಯೇ ನಿಂತಿತು. ಇಷ್ಟು ವರ್ಷ ಒಟ್ಟಿಗೆ ಬಾಳಿದವಳಿಗೆ ಅದಕ್ಕಿಂತ ಹೆಚ್ಚು ಬಿಡಿಸಿ ಹೇಳಬೇಕಾಗಿರಲಿಲ್ಲ.

"ಆ ಕಡೆ ಫೋನ್ ಹಿಡ್ಕೊಂಡು ಕೂತಿರೋಳು ಯಾರು, ನೆನಪಿದೆಯಾ?"

"ಅವಳಿಗೆ ಇವತ್ತು ಡ್ಯೂಟಿ ಇಲ್ಲ. ಆ ಮಾತು ತನ್ನ ಬಾಯಿಂದ ಬರಲ್ಲ ಅಂತ ಬೇರೆಯವರಿಗೆ ಬಿಟ್ಟುಕೊಟ್ಟಿದಾಳೆ. ನಿನಗೇ ಹೇಳಿದ್ಲಲ್ಲ."

ಹೆಂಡತಿ ಬಲ್ಬು ತಿರುಪಿ, ಸ್ವಿಚ್ಚು ಹಾಕಿ, ಕೆಳಗಿಳಿದು ಅವನ ಡಬ್ಬಿ ತಂದುಕೊಟ್ಟಳು.

ಕಂಟ್ರೋಲ್ ರೂಮಿನಲ್ಲಿ ಅಂದು ಜನವೋ ಜನ. ನಿವೃತ್ತರಾದವರು, ಪಕ್ಕದ ಯೂನಿಟ್ಟಿನವರು, ಹೊಸ ಅಂಗಿ ತೊಟ್ಟ ಸೂಪರಿಂಟೆಂಡೆಂಟ್. ಬೆಂಕಿಯಣ್ಣ ತನ್ನ ಮೀಟರುಗಳ ಮುಂದೆ ಯಾರಿಗೂ ಮುಖ ತೋರಿಸದೆ ನಿಂತಿದ್ದ. ಕಿಟಕಿಯ ಹೊರಗೆ ಬಿಸಿಲು ಕಣ್ಣು ಕುಕ್ಕುವ ಹಾಗಿತ್ತು. ಗಿಳಿಯಪ್ಪ ಕುರ್ಚಿ ಎಳೆದು ಕೂತ. ಮಾತಾಡಿಸಿದವರಿಗೆ ಹೂಂ ಎಂದ, ಹೂಂ ಎನ್ನುತ್ತಲೇ ಗಾಜಿನ ಮುಚ್ಚಳವನ್ನು ಸದ್ದಾಗದಂತೆ ಎತ್ತಿ ಪಕ್ಕಕ್ಕಿಟ್ಟ. ಎಲ್ಲರೂ ದೊಡ್ಡ ಪರದೆಯನ್ನೇ ನೋಡುತ್ತಿದ್ದರು. ಅಜ್ಜಿ ಪೂರ್ತಿ ಲೋಡಿನಲ್ಲಿದ್ದಳು, ಕಾಲ ಕೆಳಗಿನ ನೆಲ ಹಳೆಯ ಕಾಲದ ಹಾಗೆ ಸಣ್ಣಗೆ ನಡುಗುತ್ತಿತ್ತು. ಬೆರಳು ಗುಂಡಿಯ ಮೇಲಿತ್ತು.

ಫೋನು ರಿಂಗಾಯಿತು. ಎಡಗೈಯಲ್ಲಿ ಎತ್ತಿಕೊಂಡ.

"ನಮಸ್ಕಾರ ಸರ್."

ಮಗಳ ದನಿ.

"ನಮಸ್ಕಾರ... ಮೇಡಂ. ಇವತ್ತು ನಿಮ್ಮ ಪಾಳಿ ಅಲ್ಲ ಅಂದುಕೊಂಡಿದ್ದೆ."

"ನಾನೇ ಕೇಳಿ ಹಾಕಿಸ್ಕೊಂಡೆ ಸರ್. ಬೇರೆಯವರು ಹೇಳೋದು ಬೇಡ ಅನ್ನಿಸ್ತು. ಯೂನಿಟ್ ಒಂದು, ಲೋಡ್ ಇಳಿಸೋಕೆ ಶುರು ಮಾಡಿ. ನಿಧಾನಕ್ಕೆ ಇಳಿಸಿ ಸರ್. ನಮ್ಮ ಕಡೆಯಿಂದ ಅವಸರ ಇಲ್ಲ."

ಅವಸರ ಇಲ್ಲ ಎಂಬ ಮಾತು ನಿಯಮದಲ್ಲಿ ಎಲ್ಲಿಯೂ ಇಲ್ಲ. ಇಷ್ಟು ವರ್ಷಗಳಲ್ಲಿ ಆ ಲೈನಿನಲ್ಲಿ ಅದನ್ನು ಯಾರೂ ಆಡಿರಲಿಲ್ಲ. ಗಿಳಿಯಪ್ಪನಿಗೆ ಅವಳು ಕೂತಿರುವ ಕುರ್ಚಿ ಕಣ್ಣಿಗೆ ಕಟ್ಟಿತು, ಅವಳ ಮುಂದಿನ ಮೀಟರು, ಅದರ ಮುಳ್ಳು. ಈಗ ಗುಂಡಿ ಒತ್ತಿದರೆ ಮೊದಲು ಬೆಚ್ಚಿಬೀಳುವವಳು ಅವಳು. ಆ ಮುಳ್ಳನ್ನು ಹಿಡಿಯಲು ಹತ್ತು ಕಡೆ ಫೋನು ಮಾಡಿ ಒದ್ದಾಡುವವಳೂ ಅವಳೇ. ಊರು ಒಮ್ಮೆ ಏನಾಯ್ತು ಎಂದು ತಲೆ ಎತ್ತಿ, ಮತ್ತೆ ಊಟಕ್ಕೆ ಕೂರುತ್ತದೆ. ಊರಿಗೆ ಹೊಡೆಯುತ್ತೇನೆಂದು ಹೊರಟ ಪೆಟ್ಟು ಬೀಳುವುದು ತನ್ನ ಕೂಸಿನ ಮೇಲೆ. ಅವನಿಗೆ ತನ್ನ ಮೇಲೆಯೇ ನಾಚಿಕೆಯಾಯಿತು.

"ಸರ್? ತಿರುಗಿ ಹೇಳಿ ಸರ್."

ಗಿಳಿಯಪ್ಪ ಬೆರಳು ತೆಗೆದ. ಗಾಜಿನ ಮುಚ್ಚಳವನ್ನು ಮೊದಲಿನ ಜಾಗದಲ್ಲಿಟ್ಟ.

"ಯೂನಿಟ್ ಒಂದು, ಲೋಡ್ ಇಳಿಸ್ತೀನಿ. ನಿಧಾನಕ್ಕೆ. ಅವಸರ ಇಲ್ಲ. ಸರಿ ಮೇಡಂ."

ಆಮೇಲೆ ಅವನು ಮಾಡಿದ್ದನ್ನು ಅಲ್ಲಿದ್ದವರು ಇಂದಿಗೂ ಹೇಳಿಕೊಳ್ಳುತ್ತಾರೆ. ಮಲಗಿದ ಮಗುವನ್ನು ತೊಡೆಯಿಂದ ಹಾಸಿಗೆಗೆ ಜಾರಿಸುವ ಹಾಗೆ ಇಳಿಸಿದ. ಸ್ವಲ್ಪ ಇಳಿಸುವುದು, ಕಾಯುವುದು, ಬೆಂಕಿಯಣ್ಣನ ಕಡೆ ನೋಡುವುದು, ಅವನು ತಲೆಯಾಡಿಸಿದ ಮೇಲೆ ಮತ್ತೆ ಸ್ವಲ್ಪ. ಪ್ರತಿ ಮೆಟ್ಟಿಲಿಗೂ ಫೋನಿನಲ್ಲಿ ಹೇಳಿದ. ಪ್ರತಿ ಸಲವೂ ಆ ಕಡೆಯಿಂದ ಮಗಳು ತಿರುಗಿ ಹೇಳಿದಳು. ಸೂಪರಿಂಟೆಂಡೆಂಟ್ ಒಂದೆರಡು ಸಲ ಗಡಿಯಾರ ನೋಡಿಕೊಂಡರು, ಆಮೇಲೆ ಅವರೂ ನೋಡುವುದನ್ನು ಬಿಟ್ಟರು. ಅಜ್ಜಿಯ ಮೇಲೆ ಹೊರೆಯೇ ಇಲ್ಲದಾದಾಗ ಗಿಳಿಯಪ್ಪ ಬ್ರೇಕರ್ ತೆಗೆದ.

"ಯೂನಿಟ್ ಒಂದು, ಲೈನಿನಿಂದ ಹೊರಗೆ, ಮೇಡಂ."

"ಯೂನಿಟ್ ಒಂದು, ಲೈನಿನಿಂದ ಹೊರಗೆ. ಸರಿ ಸರ್."

ಯಾರೋ ಚಪ್ಪಾಳೆ ತಟ್ಟಲು ಹೋಗಿ ಸುಮ್ಮನಾದರು. ಬೆಂಕಿಯಣ್ಣ ಹೊರಗೆ ಹೋದ. ಗಿಳಿಯಪ್ಪ ಟರ್ಬೈನ್ ಹಾಲಿಗೆ ಇಳಿದ. ಯಂತ್ರದ ನಡುವೆ ತಿರುಗುವ ಉದ್ದನೆಯ ದಂಡ, ಆ ಕಾದ ಶಾಫ್ಟು, ನಿಂತಲ್ಲೇ ನಿಂತರೆ ತನ್ನ ಭಾರಕ್ಕೆ ತಾನೇ ಬಾಗುತ್ತದೆ, ಅದಕ್ಕೇ ಅದು ತಣ್ಣಗಾಗುವವರೆಗೆ ಒಂದು ಸಣ್ಣ ಮೋಟಾರು ಅದನ್ನು ಮೆಲ್ಲಗೆ ತಿರುಗಿಸುತ್ತಲೇ ಇರಬೇಕು. ಇನ್ನು ಓಡದ ಯಂತ್ರದ ಬೆನ್ನು ಬಾಗಿದರೇನು, ನೆಟ್ಟಗಿದ್ದರೇನು ಎಂದು ಯಾರಾದರೂ ಕೇಳಬಹುದಿತ್ತು. ಯಾರೂ ಕೇಳಲಿಲ್ಲ. ಅವನು ಆ ಮೋಟಾರು ಹಾಕಿ, ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗಿಟ್ಟುಕೊಂಡು ಬಹಳ ಹೊತ್ತು ಕೂತ. ಒಳಗೆ ನಿದ್ದೆಯಲ್ಲಿ ಮಗ್ಗುಲು ಬದಲಿಸುವಂಥ ಸದ್ದು. ಈಗ ನಿಜಕ್ಕೂ ಗೊರಕೆಯೇ, ಪುಟ್ಟಿ ಹೇಳಿದ್ದ ಹಾಗೆ. ಅವನಿಗೆ ನಗು ಬಂತು, ನಗುವಿನ ಹಿಂದೆಯೇ ಅಳುವೂ ಬಂತು.

ಬಿಸಿಲು ಇಳಿದ ಮೇಲೆ ಮನೆಯ ದಾರಿ ಹಿಡಿದ. ಕ್ವಾರ್ಟರ್ಸಿನ ಬೀದಿಯಲ್ಲಿ ಒಂದೊಂದಾಗಿ ದೀಪ ಹತ್ತುತ್ತಿದ್ದವು, ಅಜ್ಜಿಯಿಲ್ಲದ ಮೊದಲ ಸಂಜೆ. ಎಂದಿನ ಹಾಗೆಯೇ ಬೆಳಗುತ್ತಿದ್ದವು. ಒಣಗಿದ ಬಟ್ಟೆ ತೆಗೆಯುತ್ತಿದ್ದ ಹೆಂಗಸೊಬ್ಬಳು "ಏನು ಗಿಳಿಯಪ್ಪನೋರೇ, ಇವತ್ತು ಅಂತಿದ್ರಲ್ಲ, ಅಜ್ಜೀನ ನಿಲ್ಲಿಸಿದ್ರಾ? ಯಾವಾಗ?" ಎಂದು ಕೇಳಿದಳು. ಬೆಳಗ್ಗೆಯಾಗಿದ್ದರೆ ಆ ಪ್ರಶ್ನೆಗೆ ಅವನ ಮೈಯೆಲ್ಲ ಉರಿಯುತ್ತಿತ್ತು. "ಆಗಲೇ ಆಯ್ತಮ್ಮ" ಎಂದು ಮುಂದೆ ನಡೆದ.

ಅಡುಗೆಮನೆಯ ಕಿಟಕಿಯಲ್ಲಿ ಹಳೆಯ ಬಲ್ಬಿನ ಹಳದಿ ಬೆಳಕಿತ್ತು. ಹೆಂಡತಿ ಅದನ್ನು ಮಧ್ಯಾಹ್ನದಿಂದ ಆರಿಸಿಯೇ ಇರಲಿಲ್ಲ. ಅವಳು ಒಳಗಿನಿಂದ ಬರುವ ಮೊದಲೇ ಬಾಗಿಲಲ್ಲಿ ಇನ್ನೊಬ್ಬಳು ನಿಂತಿದ್ದಳು. ಪಾಳಿ ಮುಗಿಸಿ ಬಸ್ಸು ಹಿಡಿದು ಬಂದಿದ್ದ ಮಗಳು, ಹೆಗಲ ಮೇಲೆ ಇನ್ನೂ ಬ್ಯಾಗು. ಬಾಯಿ ಬಿಡಲಿಲ್ಲ. ಎರಡೂ ಕಣ್ಣನ್ನು ಅಗಲಕ್ಕೆ ತೆರೆದು, ರೆಪ್ಪೆ ಬಡಿಯದೆ, ಅಪ್ಪನನ್ನೇ ನೋಡುತ್ತಾ ನಿಂತಳು.

ಗಿಳಿಯಪ್ಪ ಮೆಟ್ಟಿಲ ಕೆಳಗೇ ನಿಂತುಬಿಟ್ಟ. ಶೂ ಬಿಚ್ಚಲಿಲ್ಲ, ಡಬ್ಬಿ ಕೆಳಗಿಡಲಿಲ್ಲ. ಆ ಕಣ್ಣುಗಳಲ್ಲಿ ನೀರು ತುಂಬಿ ಅಂಚಿಗೆ ಬಂದು ನಿಂತಿತ್ತು, ಆದರೂ ಅವಳು ರೆಪ್ಪೆ ಬಡಿಯಲೊಲ್ಲಳು.

"ಸಾಕು ಪುಟ್ಟಿ," ಎಂದ ಅವನು. "ರೆಪ್ಪೆ ಬಡಿ."